ಪರೀಕ್ಷಕರ ಚಿಲಕ

ಕೊಳ್ಳೇಗಾಲದ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ನಿವೃತ್ತಿಯಾಗುವ ತಿಂಗಳಲ್ಲೂ ಪ್ರಾಕ್ಟಿಕಲ್ ಪರೀಕ್ಷಕರಾಗಿ ನಾನು ಪಾಠ ಮಾಡುವ ಹನೂರಿನ ಕಾಲೇಜಿಗೇ ವಕ್ಕರಿಸಿದರು. ಮಕ್ಕಳ ಟೆಸ್ಟ್ ಟ್ಯೂಬಿನಲ್ಲಿ ಏನು ಕುದಿಯುತ್ತಿದೆ ಎಂದು ಅವರು ಇಣುಕಿದ್ದನ್ನು ನಾನಂತೂ ಕಾಣೆ. ಕಣ್ಣೆಲ್ಲ ಬಾಗಿಲ ಮೇಲಿನ ಗಡಿಯಾರದ ಮೇಲೆ. ಒಂಬತ್ತೂವರೆ ಆಯಿತೋ, ಚಿಲಕ. ಆಮೇಲೆ ಯಾರೇ ಬರಲಿ, ಬಂದ ದಾರಿಗೆ ಸುಂಕವಿಲ್ಲ. ಹೋದ ವರ್ಷ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ರಸ್ತೆ ತುಂಬಿಕೊಂಡು ಕೌದಳ್ಳಿಯ ಹುಡುಗನೊಬ್ಬನ ಬಸ್ಸು ತಡವಾಯಿತು. ನಾನು ಕೈಮುಗಿದರೂ ಈ ಮಹಾನುಭಾವರು ಬಾಗಿಲು ತೆಗೆಸಲಿಲ್ಲ. ಯಳಂದೂರಿನಲ್ಲೂ ಇದೇ ಪ್ರತಾಪವಂತೆ.

ಅವರ ಕೊನೆಯ ಪರೀಕ್ಷೆಯ ದಿನ ಅವರೇ ನಾಪತ್ತೆ! ಕೊಳ್ಳೇಗಾಲದ ಬಸ್ಸು ಮಧುವನಹಳ್ಳಿ ದಾಟಿದ ಮೇಲೆ ಕೆಟ್ಟು ನಿಂತಿತ್ತಂತೆ. ಪರೀಕ್ಷಕರಿಲ್ಲದೆ ಪರೀಕ್ಷೆ ಹೇಗೆ? ಎಲ್ಲರೂ ಕಾದೆವು. ಹತ್ತು ಗಂಟೆಯ ಮೇಲೆ ಅವರು ಬೇರೆ ಬಸ್ಸಿನಲ್ಲಿ ಬಂದಿಳಿದಾಗ ಸ್ಟ್ಯಾಂಡಿಗೆ ಸ್ಕೂಟರ್ ಕಳಿಸಿ ಕರೆಸಿಕೊಂಡೆವು. ಬಂದವರೇ ಬೆವರೊರೆಸಿಕೊಂಡು, ಪರೀಕ್ಷೆ ಶುರು ಮಾಡಿಸಿ, ಚಿಲಕ ಹಾಕಿಸಿದರು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆಗೆದು ನೋಡಿದರೆ ಮಧುವನಹಳ್ಳಿಯ ನಮ್ಮ ಹುಡುಗಿ, ಸ್ಟ್ಯಾಂಡಿನಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಈ ಪರೀಕ್ಷೆ ತಪ್ಪಿದರೆ ಅವಳ ಒಂದು ವರ್ಷ ಮಣ್ಣುಪಾಲು.

"ಟೈಮಾಯ್ತು, ಓಗಮ್ಮ," ಅಂದರು ಪರೀಕ್ಷಕರು.

"ಸಾ, ನಾನೂ ಅದೇ ಬಸ್ಸಲ್ಲೇ ಬಂದೆ ಸಾ. ಕೆಟ್ಟೋದ ಬಸ್ ಇಳ್ದು ಇನ್ನೊಂದ್ ಬಸ್ ಅತ್ತುದ್ವಲ್ಲ, ಆಗ ನಿಮ್ಗೆ ಸೀಟ್ ಬುಟ್ಕೊಟ್ಟೋಳು ನಾನೇಯ."

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು.

"ಈ ಗಡಿಯಾರ ಮುಂದೋಯ್ತಾದೆ ಕಣ್ರಿ! ಸೆಲ್ ಬದಲಾಯ್ಸಕಾಗಲ್ವಾ ನಿಮ್ಗೆ?" ಎಂದು ನನ್ನನ್ನೇ ಗದರಿ, ಅವಳನ್ನು ಒಳಗೆ ಬಿಟ್ಟರು. ಸೆಲ್ ಸೊರಗಿದರೆ ಗಡಿಯಾರ ಹಿಂದೆ ಬೀಳುತ್ತದೆಯೇ ಹೊರತು ಮುಂದೆ ಓಡುವುದಿಲ್ಲ ಎಂದು ವಿಜ್ಞಾನದ ಪರೀಕ್ಷಕರಿಗೆ ನಾನು ಹೇಳಿಕೊಡಲೇ? ಹುಡುಗಿ ಒಳಗೆ ಬಂದಳಲ್ಲ, ಸದ್ಯ ಎಂದು ಅವಳ ಕೈಗೆ ಟೆಸ್ಟ್ ಟ್ಯೂಬು ಕೊಟ್ಟೆ.

ಸಂಜೆ ಬೀಳ್ಕೊಡುಗೆ. ಶಾಲು, ಪೇಟ, ಹಾರ. ಮೈಕ್ ಹಿಡಿದವರೆಲ್ಲ ಮೇಷ್ಟ್ರ ಸಮಯಪಾಲನೆಯನ್ನು ಕೊಂಡಾಡಿದ್ದೇ ಕೊಂಡಾಡಿದ್ದು. ಅವರು ಪೇಟ ಅಲ್ಲಾಡದಂತೆ ಹಿಡಿದುಕೊಂಡು ತಲೆದೂಗುತ್ತಿದ್ದರು. ನನಗೆ ಹೋದ ವರ್ಷದ ಆ ಹುಡುಗನದೇ ನೆನಪು. ಕೌದಳ್ಳಿಯ ಹುಡುಗ ಬಂದದ್ದು ಬೆಟ್ಟದ ಕಡೆಯ ಬಸ್ಸಿನಲ್ಲಿ. ಪಾಪ, ಇವರಿಗೆ ಸೀಟು ಬಿಟ್ಟುಕೊಡುವ ಪುಣ್ಯ ಅವನಿಗೆಲ್ಲಿ ಸಿಗಬೇಕು?