ರಾಜೇಸಾಬನ ಹರಿಗೋಲು

ಬೆಳಿಗ್ಗೆಯಿಂದ ನಮ್ಮ ಔಷಧಿ ಅಂಗಡಿಯ ಮುಂದೆ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಗಿರಾಕಿಗಳು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದು, ಬೇಗ ಬೇಗ ಗುಳಿಗೆ ತೆಗೆದುಕೊಂಡು ಓಡುತ್ತಿದ್ದಾರೆ. ನಾನೊಬ್ಬ ಮಾತ್ರ ಮಲ್ಲಿಗೆ ದಂಡೆ ಕಂಡವನಂತೆ ಆ ವಾಸನೆಯನ್ನು ಎಳೆದುಕೊಳ್ಳುತ್ತ ಕೂತಿದ್ದೇನೆ. ನಗಬೇಡಿ. ನನಗೆ ಡಾಂಬರಿನ ವಾಸನೆ ಎಂದರೆ ಹೊಳೆ, ಹೊಳೆ ಎಂದರೆ ರಾಜೇಸಾಬನ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಹೊರಗೆ ತಾಡಪತ್ರಿ ಸುತ್ತಿ, ಮೇಲೆ ದಪ್ಪಗೆ ಡಾಂಬರು ಬಳಿದರೆ ಮುಗಿಯಿತು, ಅದೇ ದೋಣಿ. ಹಿಂದು ಮುಂದು ಇಲ್ಲದ ದೋಣಿ. ಅದರೊಳಗೆ ಕೂತ ಮೇಲೆ ನನ್ನಂಥವನಿಗೂ ಹಿಂದು ಮುಂದು ತಿಳಿಯುವುದಿಲ್ಲ.

ರಾಜೇಸಾಬ ನಮ್ಮ ಮುದ್ದೇಬಿಹಾಳದಲ್ಲಿ ಗಾದಿ ಹೊಲಿಯುವವನು. ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತು ಒಂದೇ ಬೆತ್ತದ ರುಚಿ ಕಂಡವರು. ವಾರದಲ್ಲಿ ಆರು ದಿನ ಅವನು ಹತ್ತಿಯೊಳಗಿರುತ್ತಿದ್ದ, ರವಿವಾರ ಕೃಷ್ಣೆಯೊಳಗೆ. ಗಾಳ ಹಾಕುವುದೆಂದರೆ ಅವನಿಗೆ ಜೀವ. ನಾನೋ, ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸಲು ಹೇಳುತ್ತಿದ್ದ ಅಜ್ಜಿಯ ಮೊಮ್ಮಗ. ಐವತ್ತು ದಾಟುವ ತನಕ ಮೀನನ್ನು ಮುಟ್ಟಿದವನಲ್ಲ.

ಮೂರು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಮಾತು ಬಂತು, ಕಾಲು ಬಂತು, ಬಲಗೈ ಮಾತ್ರ ಬರಲಿಲ್ಲ. ಹಿಚುಕಲೆಂದು ನಾನೇ ಒಂದು ರಬ್ಬರ್ ಚೆಂಡು ಕೊಟ್ಟಿದ್ದೆ. ಆರೇಳು ತಿಂಗಳಾದ ಮೇಲೆ ಒಂದು ದಿನ, "ಇನ್ನ ಬರೂದು ಕಷ್ಟ ಐತಿ ನೋಡು" ಎಂದೂ ನಾನೇ ಹೇಳಿದೆ. ಔಷಧಿ ಮಾರಿ ಮಾರಿ ಅರ್ಧ ಡಾಕ್ಟರಾದೆನೆಂಬ ಸೊಕ್ಕು ನನಗೆ. ಮರುದಿನವೇ ಅವನು ಬಂದು ಚೆಂಡನ್ನು ಗಲ್ಲೆಯ ಮೇಲಿಟ್ಟ.

"ಇದನ್ನ ಆಡೋ ಹುಡುಗರಿಗೆ ಯಾರಿಗರ ಕೊಡು. ಹರಗೋಲ ಕೊಟ್ಟ ಬಿಡಾಕತ್ತೇನಿ. ನಾಳೆ ಸಂಜಿಗೆ ಆಲಮಟ್ಟಿ ಕಡೆಯಾಂವ ಒಬ್ಬ ಬಂದು ಒಯ್ತಾನ."

ನಾನು ಚೆಂಡನ್ನೆತ್ತಿ ಗಲ್ಲೆಯೊಳಗೆ ಹಾಕಿದೆ.

"ಅದಕ್ಕೂ ಮೊದಲ ಒಂದ ಸಲ ಹೋಗಿ ಬರೂಣು. ಹುಟ್ಟ ಹಾಕಾಕ ಎರಡ ಕೈ ಬೇಕು. ನೀ ಬರ್ತಿಯೇನು?"

"ನಿನ್ನ ಮಗನ್ನ ಕರಕೊಂಡ ಹೋಗೋ."

"ಅಂವ ಹೊಳಿ ಹೆಸರ ತಗೊಂಡ್ರ ಸಿಟ್ಟಿಗೇಳ್ತಾನ. ಮನ್ಯಾಗ ಹೇಳಿಲ್ಲ."

ಅಂತೂ ರವಿವಾರ ಬೆಳಗಿನ ಬಿಸಿಲಿಗೆ ನಾನು ಕೃಷ್ಣೆಯ ಹಿನ್ನೀರಿನಲ್ಲಿ ಬುಗುರಿಯಾಗಿದ್ದೆ. ಹುಟ್ಟು ಹಾಕಿದಂತೆಲ್ಲ ಹರಿಗೋಲು ಇದ್ದಲ್ಲೇ ಗರಗರ. ಒಮ್ಮೆ ದಂಡೆ ಕಾಣುತ್ತದೆ, ಒಮ್ಮೆ ನೀರು, ಮತ್ತೊಮ್ಮೆ ಅದೇ ದಂಡೆ, ಅದೇ ಎಮ್ಮೆ. ಎಮ್ಮೆ ಕೂಡ ಮೇಯುವುದು ಬಿಟ್ಟು ನನ್ನನ್ನೇ ನೋಡುತ್ತಿತ್ತು. "ಬಾಜೂಕ ಹಾಕಬ್ಯಾಡೋ ಮಾರಾಯಾ. ಮುಂದ ಹಾಕಿ ನಿನ್ನ ಕಡೆ ಎಳಕೋ," ಎಂದು ರಾಜೇಸಾಬ ಹೇಳಿ ಹೇಳಿ ದಣಿದ. ಒಂದು ತಾಸು ಕಳೆದ ಮೇಲೆ, ನಾವು ಹೋಗಬೇಕಾದ ಜಾಗಕ್ಕೆ ಗಾಳಿಯೇ ಕನಿಕರಪಟ್ಟು ನಮ್ಮನ್ನು ತಂದು ಬಿಟ್ಟಿತು.

ಅಲ್ಲಿ ನೀರು ಕಪ್ಪಗೆ ಆಳವಾಗಿತ್ತು. ರಾಜೇಸಾಬ ಎಡಗೈಯಿಂದ ಕೊಕ್ಕೆ ಕಟ್ಟಲು ಒದ್ದಾಡತೊಡಗಿದ. ನೋಡಲಾಗದೆ ನಾನು ಆಚೆ ತಿರುಗಿ, ಹೊಟ್ಟೆಯೂ ಹಸಿದಿತ್ತು ನೋಡಿ, ಅಲ್ಲಿದ್ದ ಸಣ್ಣ ಗಂಟು ಬಿಚ್ಚಿದೆ. ಹುರಿದ ಹಿಟ್ಟಿನ ಉಂಡೆಗಳು, ಬೆಲ್ಲ ಶೇಂಗಾದ ಘಮ. ನಮಗೆಂದು ಅವನೇ ಕಟ್ಟಿಕೊಂಡು ಬಂದಿದ್ದಾನೆಂದು ಎರಡು ತಿಂದೆ. ಮೂರನೆಯದು ಬಾಯಿಯಲ್ಲಿದ್ದಾಗ ಅವನು ತಿರುಗಿದ.

"ಹೆಂಗ ಅದಾವು?"

"ಚೊಲೋ ಅದಾವು. ಬೆಲ್ಲ ಸ್ವಲ್ಪ ಕಡಿಮಿ ಆಗೇತಿ."

"ಮೀನ ಯಾವತ್ತೂ ಹಂಗ ಅಂದಿಲ್ಲ."

ಗಾಳಕ್ಕೆ ಸಿಕ್ಕಿಸುವ ಹಿಟ್ಟು ಅದು! ನಾನು ಥೂ ಥೂ ಎಂದು ಹೊಳೆಗೆ ಬಗ್ಗಿ ಉಗುಳಿದೆ. ಗಡಿಬಿಡಿಯಲ್ಲಿ ಮೊಣಕೈ ತಾಗಿ ಉಳಿದ ಗಂಟೂ ನೀರು ಪಾಲಾಯಿತು. ರಾಜೇಸಾಬ ನಗತೊಡಗಿದ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮುಖದ ಒಂದು ಭಾಗ ನಕ್ಕಿತು, ಇನ್ನೊಂದು ಭಾಗ ನಗಲು ನೋಡಿತು. ನಾನೂ ನಕ್ಕೆ. ಆದರೂ ಹೊಳೆಯಲ್ಲಿ ಇವನ ಕಡೆಯ ದಿನವನ್ನು ನಾನು ತಿಂದು ಹಾಕಿದೆನಲ್ಲ!

"ನಿನ್ನ ಬುತ್ತ್ಯಾಗ ಏನೈತಿ?" ಎಂದ.

ರೊಟ್ಟಿ, ಪುಂಡಿಪಲ್ಯ, ಮಾದಲಿ ಇದ್ದವು. ಮಸೂತಿ ಎಂಬ ಊರಿನ ತವರಿನಲ್ಲಿ ಕಲಿತದ್ದೆಂದು ನನ್ನ ಹೆಂಡತಿ ಹೆಮ್ಮೆಯಿಂದ ಮಾಡುವ, ಗೋಧಿ ಬೆಲ್ಲದ ಮಾದಲಿ. ಅದನ್ನು ರೊಟ್ಟಿಯೊಂದಿಗೆ ನಾದಿ ಗಾಳಕ್ಕೆ ಉಂಡೆ ಮಾಡಿದೆವು. ಅವಳಿಗೆ ಇವತ್ತಿಗೂ ಈ ಸುದ್ದಿ ಹೇಳಿಲ್ಲ, ನೀವೂ ಹೇಳಬೇಡಿ.

ರಾಜೇಸಾಬ ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕೂತ. ಸೂರ್ಯ ನೆತ್ತಿಗೆ ಬಂದು ವಾಲಿದ. ಏನೂ ಇಲ್ಲ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಹೆಬ್ಬೆರಳು ಕುಣಿಯಿತು.

ಮೊದಲು ಮೆಲ್ಲಗೆ, ಆಮೇಲೆ ಯಾರೋ ಕಾಲನ್ನೇ ಕಿತ್ತುಕೊಳ್ಳುವಂತೆ. ರಾಜೇಸಾಬ ಎಡಗೈಯಲ್ಲಿ ದಾರ ಹಿಡಿದ. ದಾರ ಬಿಗಿಯಿತು, ಹರಿಗೋಲು ತಾನಾಗಿಯೇ ಹೊರಟಿತು. ನಿಮ್ಮಾಣೆ ಸುಳ್ಳಲ್ಲ, ಇಬ್ಬರು ಗಂಡಸರು ಕೂತ ಬುಟ್ಟಿಯನ್ನು ಕಣ್ಣಿಗೆ ಕಾಣದ ಒಂದು ಜೀವ ಗಾಳಿಗೆ ಎದುರಾಗಿ ಎಳೆದುಕೊಂಡು ಹೊರಟಿತ್ತು. ನನ್ನ ಮೈಯೆಲ್ಲ ಜುಮ್ಮೆಂದಿತು.

"ನಾ ಹಿಡಿಲ್ಯಾ?" ಎಂದು ಕೂಗಿದೆ.

"ನೀ ಹುಟ್ಟ ಹಿಡಿ! ದಾರ ಎತ್ತಾಗ ಹೊಕ್ಕೈತಿ ಅತ್ತಾಗ ತಿರುಗಸು!"

ದಾರವನ್ನು ಎಡಗೈಯಿಂದ ಒಂದು ಮೊಳ ಎಳೆಯುತ್ತಿದ್ದ. ಎಳೆದದ್ದನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ಹಿಮ್ಮಡಿಯಿಂದ ಒತ್ತಿ ತುಳಿದು, ಕೈ ಬಿಟ್ಟು, ಮತ್ತೆ ಮುಂದಕ್ಕೆ ಚಾಚಿ ಎಳೆಯುತ್ತಿದ್ದ. ಎಳೆ, ತುಳಿ, ಎಳೆ, ತುಳಿ. ಮೀನು ಓಡಿದಾಗ ಹಿಮ್ಮಡಿ ಸಡಿಲಿಸಿ ದಾರ ಬಿಡುತ್ತಿದ್ದ, ನಿಂತಾಗ ತುಳಿಯುತ್ತಿದ್ದ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಆ ಕ್ಷಣದಲ್ಲೇ ಅವನ ಮೈ ಅದನ್ನು ಹುಡುಕಿಕೊಂಡಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು, ಅದರ ಗೊಡವೆಯೇ ಅವನಿಗಿರಲಿಲ್ಲ. ಬರೂದು ಕಷ್ಟ ಎಂದು ನಾನು ಷರಾ ಬರೆದು ಕೊಟ್ಟದ್ದು ಈ ಮನುಷ್ಯನಿಗೇ? ನಾಚಿಕೆಯಾಯಿತು. ಕೈ ಮುಗಿಯಬೇಕೆನಿಸಿತು, ಆದರೆ ಎರಡೂ ಕೈಯಲ್ಲಿ ಹುಟ್ಟು ಇತ್ತು. ಬೆಳಗಿನಿಂದ ಬುಗುರಿಯಾಡಿದ್ದ ನಾನು ಅದು ಹೇಗೋ ಹರಿಗೋಲನ್ನು ದಾರದ ದಿಕ್ಕಿಗೆ ನೆಟ್ಟಗೆ ಹಿಡಿದಿದ್ದೆ.

ಕೊನೆಗೆ ಮೀನು ಮೇಲೆ ಬಂದು ಪಕ್ಕಕ್ಕೆ ಹೊರಳಿತು. "ಅಪ್ಪಿಕೋ! ಎರಡೂ ಕೈಲೆ ಅಪ್ಪಿಕೊಂಡ ಎತ್ತು!" ಎಂದ. ನಾನು ಬಗ್ಗಿ ಅಪ್ಪಿಕೊಂಡೆ. ವರ್ಷದ ಕೂಸಿನಷ್ಟು ಭಾರದ ರೋಹು. ತಣ್ಣಗಿನ ಮೈ, ಒಳಗೆ ಕಬ್ಬಿಣದಂಥ ಕಸುವು. ಅದರ ದುಂಡು ಕಣ್ಣು ನನ್ನನ್ನೇ ನೋಡುತ್ತಿತ್ತು. ಅಷ್ಟು ಹತ್ತಿರದಿಂದ, ಅಷ್ಟು ದೊಡ್ಡ ಜೀವವನ್ನು ನಾನು ಎದೆಗೆ ಹಿಡಿದದ್ದು ನನ್ನ ಮಕ್ಕಳನ್ನು ಬಿಟ್ಟರೆ ಅದೊಂದನ್ನೇ.

ರಾಜೇಸಾಬ ಅಳುತ್ತಿದ್ದ. ನಾನೂ.

ಸಂಜೆ ದಂಡೆಗೆ ಬಂದಾಗ ಆಲಮಟ್ಟಿ ಕಡೆಯವನು ಟಂಟಂ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ರಾಜೇಸಾಬ ಇಳಿದು ಅವನ ಹತ್ತಿರ ಹೋದ.

"ತಪ್ಪ ತಿಳೀಬ್ಯಾಡ್ರಿ. ಹರಗೋಲ ಕೊಡಂಗಿಲ್ಲ. ಹುಟ್ಟ ಹಾಕಾಂವ ಸಿಕ್ಕಾನ."

ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಬೆನ್ನ ಹಿಂದೆ ಮತ್ಯಾರಾದರೂ ಇದ್ದಾರೆಯೇ ಎಂದು ಇಣುಕಿದ. ನಾನೂ ಹಿಂದೆ ತಿರುಗಿ ನೋಡಿದೆ.

ಅಂದಿನಿಂದ ನನ್ನ ರವಿವಾರಗಳೆಲ್ಲ ಹೊಳೆಯ ಪಾಲು. ಅವನ ಬಲಗೈ ಇಂದಿಗೂ ಬಂದಿಲ್ಲ, ಬರುವುದೂ ಇಲ್ಲವೇನೋ.

ಇಷ್ಟು ನೆನೆಯುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು ಬಂದಳು. ಲಕ್ವಾದ ಗುಳಿಗೆಗಳು. "ನಮ್ಮಪ್ಪಗರಿ. ವರ್ಷ ಆತು. ಇನ್ನ ಕೈ ಬರ್ತೈತೇನ್ರಿ?" ಎಂದಳು.

ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ.

"ಅದು ನನಗ ಗೊತ್ತಿಲ್ಲವಾ. ನಿಮ್ಮಪ್ಪಗ ಏನ ಮಾಡೂದಂದ್ರ ಭಾಳ ಸೇರ್ತಿತ್ತು?"

ಅವಳು ಬೆರಗಾಗಿ ನೋಡಿದಳು. ಅದನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ಭಜನಿಯೊಳಗ ತಬಲಾ ಬಾರಸ್ತಿದ್ದರಿ," ಎಂದಳು.

ನಾನು ಗಲ್ಲೆ ಬಿಟ್ಟು ಎದ್ದು ಬಂದು ಅವಳಿಗೆ ಸ್ಟೂಲು ಹಾಕಿ, ಎದುರಿಗೆ ಕೂತೆ.