ತಲೆಕೆಳಗಾಗಿ ಹಿಡಿದ ಓಲೆಗರಿ

೧೯೯೨ರಲ್ಲಿ ನಾನು ಓದು ನಿಲ್ಲಿಸಿದೆ. ಬೈಂದೂರಿನಲ್ಲಿ ಏಳನೇ ಕ್ಲಾಸಿನ ಅರ್ಧಕ್ಕೆ ಚೀಲ ಮೂಲೆಗೆ ಬಿಸಾಡಿ ವೆಲ್ಡಿಂಗ್ ಕೆಲಸಕ್ಕೆ ಸೇರಿದವನು, ಈಗ ಕುಂದಾಪುರದಲ್ಲಿ ಸ್ವಂತ ಶಾಪ್ ಇಟ್ಟಿದ್ದೇನೆ. ನನ್ನ ಕೈಯ ಗೇಟು ಉಪ್ಪುಗಾಳಿಗೂ ಜಗ್ಗುವುದಿಲ್ಲ. ಶಾಲೆ ಬಿಟ್ಟರೂ ಓದುವ ಚಟ ಬಿಡಲಿಲ್ಲ. ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದಿ ಹೆಂಡತಿಗೆ ಅರ್ಥ ಹೇಳುವವನು ನಾನು. ಅವಳು ಬ್ರಹ್ಮಾವರದ ಕಡೆಯವಳು, ಐದನೇ ಕ್ಲಾಸು. ಹಾಗೆಂದೇ ತಿಳಿದಿದ್ದೆ. ಮನೆಯಲ್ಲಿ ಓದಿದವನು ನಾನು ಎಂಬ ಆ ಜಾಗ ನನಗೆ ಶಾಪಿಗಿಂತ ದೊಡ್ಡದು.

ಈ ವರ್ಷ ವೆಲ್ಡಿಂಗ್ ಬೆಳಕು ಹೊಡೆದು ಕಣ್ಣು ಊದಿತು. ಡಾಕ್ಟರು ಸ್ವಲ್ಪ ದಿನ ಓದುವುದೇ ಬೇಡ ಎಂದರು. ಲೈಬ್ರರಿಯಿಂದ ತಂದ ದಪ್ಪ ಕಾದಂಬರಿ ಅರ್ಧದಲ್ಲಿತ್ತು. ಕೋಟೆ ಬಿದ್ದಾಗ ತಪ್ಪಿಸಿಕೊಂಡ ಅರಸುಮನೆತನದ ಹೆಣ್ಣೊಬ್ಬಳು ಗುರುತು ಮರೆಸಿ, ಕಮ್ಮಾರನೊಬ್ಬನ ಮನೆಯಲ್ಲಿ ತಿದಿ ಒತ್ತುವ ಆಳಾಗಿ ಸೇರುತ್ತಾಳೆ. ಅವನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ಯಾರೆಂದು ಗೊತ್ತಿಲ್ಲ. ಕಥೆ ಅಲ್ಲಿಗೆ ನಿಂತಿತ್ತು.

“ಬಂದಷ್ಟ್ ಓದ್ ಕಾಂಬ,” ಎಂದೆ ಹೆಂಡತಿಗೆ.

ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದಳು. ನಾನು ಒದ್ದೆ ಬಟ್ಟೆ ಕಣ್ಣ ಮೇಲಿಟ್ಟುಕೊಂಡು ತಿದ್ದುತ್ತಿದ್ದೆ. ಕಮ್ಮಾರನ ಮನೆಗೆ ಒಂದು ಓಲೆ ಬರುತ್ತದೆ. ಓದು ಬಲ್ಲವಳೆಂದು ತಿಳಿಯಬಾರದಲ್ಲ, ಆ ಅರಸುಮನೆಯ ಹೆಣ್ಣು ಓಲೆಗರಿಯನ್ನು ತಲೆಕೆಳಗಾಗಿ ಹಿಡಿದು ಇರುವೆ ಸಾಲಿನ ಹಾಗಿದೆ ಎನ್ನುತ್ತಾಳೆ.

ನನಗೆ ತಡೆಯಲಾಗಲಿಲ್ಲ. “ಈ ಕಮ್ಮಾರ ಎಂತ ಕುರುಡನಾ? ಒಂದೇ ಮನಿಯಂಗೆ ಇದ್ಕಂಡ್ ಗೊತ್ತಾತಿಲ್ಯಾ?”

“ಕೆಲವರಿಗೆ ಗೊತ್ತಾತಿಲ್ಲ ಮಾರಾಯ್ರೆ,” ಎಂದು ನಕ್ಕಳು.

ಮುಂದಿನ ಪುಟದಲ್ಲಿ ಶತ್ರುವಿನ ಕುದುರೆಗಳು ಊರಿಗೆ ನುಗ್ಗಿದವು. ಕಥೆ ಓಡಿತು, ಅವಳ ಓದೂ ಓಡಿತು. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲೇ ತೆಗೆದು, ನಾನಾಗಿದ್ದರೆ ಹಾರಿಸುತ್ತಿದ್ದ ಹಳಗನ್ನಡದ ಶಾಸನವನ್ನೂ ನೀರು ಕುಡಿದಂತೆ ಓದಿಬಿಟ್ಟಳು. ನಾನು ಬಟ್ಟೆ ತೆಗೆದು ಎದ್ದು ಕೂತೆ. ಮಂಜುಮಂಜಾಗಿ ಕಂಡಳು. ಆಗ ಅವಳಿಗೆ ಎಚ್ಚರವಾಗಿ ಪುಸ್ತಕವನ್ನು ಮಡಿಲಿಗಿಳಿಸಿದಳು.

“ನೀ ಎಷ್ಟ್ ಓದಿದ್ದೆ?”

“ಬಿ.ಎ.”

“ಮತ್ತೆ ಐದ್ನೇ ಕ್ಲಾಸ್ ಅಂದದ್ದ್?”

“ಪಿಯುಸಿ ಆದ ಹೆಣ್ಣ್ ಬ್ಯಾಡ ಅಂತ ನೀವ್ ಒಂದ್ ಸಂಬಂಧ ಬಿಟ್ಟದ್ದ್ ನಮ್ಮ್ ಬದಿಗೂ ಗೊತ್ತಿತ್ತ್. ನಮ್ಮನಿ ಗೇಟ್ ಕೂರ್ಸುಕೆ ಬಂದಾಗ ನಿಮ್ಮನ್ ಕಂಡಿದ್ದೆ. ನಂಗೆ ಈ ಗಂಡೇ ಬೇಕಿತ್ತ್. ಎಂತ ಮಾಡುದ್?”

ಮದುವೆ ಕಾಗದದಲ್ಲಿ ಹೆಸರಿನ ಪಕ್ಕ ಡಿಗ್ರಿ ಅಚ್ಚು ಹಾಕಿಸುವುದು ನಮ್ಮ ಕಡೆ ರೂಢಿ. ನಮ್ಮದರಲ್ಲಿ ಎರಡು ಹೆಸರೂ ಬೋಳಾಗಿದ್ದವು. ಅಚ್ಚಾಗದ್ದು ಇಲ್ಲವೆಂದೇ ಲೆಕ್ಕ ಹಾಕಿ ನಾನು ಖುಷಿಪಟ್ಟಿದ್ದೆ.

ಸಿಟ್ಟು ಬರಬೇಕಿತ್ತು. ಯಾರ ಮೇಲೆ? ಸುಳ್ಳು ಅವಳದು, ಆ ಸುಳ್ಳಿಗೆ ಕಾರಣ ನಾನು ಹಾಕಿದ ಷರತ್ತು. ನನ್ನನ್ನು ಬೇಕೆಂದು ಬಂದದ್ದಕ್ಕೆ ಹಿಗ್ಗಬೇಕೋ, ಇಷ್ಟು ವರ್ಷ ಮಂಗ ಮಾಡಿದ್ದಕ್ಕೆ ಕುಗ್ಗಬೇಕೋ ತಿಳಿಯಲಿಲ್ಲ. ಸರ್ಕಾರ ಶ್ವೇತಪತ್ರ ಹೊರಡಿಸಬೇಕಂತೆ ಎಂದು ಪೇಪರಿನಲ್ಲಿ ಬಂದಾಗ, ಬಿಳಿ ಕಾಗದಕ್ಕೆ ಬರ ಬಂದಿದೆ ಎಂದು ಅರ್ಥ ಹೇಳಿದ್ದೆ. ಬಿ.ಎ. ಮಾಡಿದವಳು “ಹೌದಾ?” ಎಂದು ಕಣ್ಣರಳಿಸಿದ್ದಳು.

“ನಾ ಓದುವಾಗ ನೀ ಒಳ್ಗೊಳ್ಗೆ ನಗಾಡ್ತಿದ್ಯಾ?”

“ಒಂದೊಂದ್ ಸಲ. ಆರೆ ನಿಮ್ಮ್ ಸ್ವರ ಕೇಂಬುಕೇ ಕೂಕಂತಿದ್ದೆ.”

ಇದು ನಿಜವೋ, ಇದೂ ತಲೆಕೆಳಗಾಗಿ ಹಿಡಿದ ಓಲೆಗರಿಯೋ?

ಕಣ್ಣು ಸರಿಯಾದ ದಿನ ಬೆಳಿಗ್ಗೆ ಪೇಪರ್ ಬಂತು. ಇಬ್ಬರೂ ಅದನ್ನು ನೋಡುತ್ತ ಚಾ ಕುಡಿದೆವು. ಕೊನೆಗೆ ಅವಳೇ ಎತ್ತಿ ನನ್ನ ಕಡೆ ಚಾಚಿ, ಎಂದಿನ ಮುಖದಲ್ಲಿ, “ಹ್ವಾಯ್, ಎಂತ ಬರ್ದಿರ್ ಕಾಣಿ,” ಎಂದಳು. ಓದಿದೆ. ಅರ್ಥ ಹೇಳಲು ಬಾಯಿ ಬರಲಿಲ್ಲ. ಒಳಗೆ ಹೋಗಿ ಕಾದಂಬರಿ ತಂದು ಅವಳ ಕೈಗಿಟ್ಟೆ. ಕಮ್ಮಾರನಿಗೆ ಗುಟ್ಟು ಗೊತ್ತಾಗುವ ಪುಟ ಇನ್ನೂ ಬಂದಿರಲಿಲ್ಲ.

“ಕೂಡ್ಸಿ ಕೂಡ್ಸಿ ಬ್ಯಾಡ. ನಿನ್ನ ಓದೇ ಓದ್.”

ಓದಿದಳು. ನಾನು ತಿದ್ದಲಿಲ್ಲ. ಇದರಲ್ಲಿ ಗೆದ್ದದ್ದು ಯಾರು, ಸೋತದ್ದು ಯಾರು, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಈಗ ನನ್ನಲ್ಲಿರುವುದು ಇಷ್ಟು: ಒಂದು ಶಾಪ್, ಎರಡು ವೆಲ್ಡಿಂಗ್ ಮಷಿನ್, ಒಂದು ಹೆಂಚಿನ ಮನೆ, ದಿನಕ್ಕೊಂದು ಪೇಪರು, ಅದನ್ನು ಓದಬಲ್ಲವರು ಇಬ್ಬರು.