ಡಬ್ಬಿ ಯಾರ ಕೈಯಾಗಿತ್ತು?

ಮೇಜಿನ ಖಾನೆ ಸ್ವಚ್ಛ ಮಾಡುವಾಗ ಹಿತ್ತಾಳೆಯ ಸುಣ್ಣದ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗಿನ ಸುಣ್ಣ ಕಲ್ಲಾಗಿದೆ, ತಂಬಾಕಿನ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಆ ವಾಸನೆಯ ಜೊತೆ ನಮ್ಮ ಸರ್ ಬಂದು ಎದುರಿಗೆ ಕೂತಂತಾಯಿತು…

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರ ಮಾಳಿಗೆಯಲ್ಲಿ, ಅವರದೇ ಖರ್ಚಿನಲ್ಲಿ, ರೈತರ ಮಾಲು ಮಾರಿಸಿಕೊಡುವ ಅಡತಿ ವ್ಯಾಪಾರಿಗಳಿಗೆಂದು ಸರ್, ನಾನು, ಇನ್ನೊಬ್ಬ ಗೆಳೆಯ ಹೀಗೆ ನಾವು ಮೂವರು ಲೆಕ್ಕ ಇಡುವ ಒಂದು ಕನ್ನಡ ತಂತ್ರಾಂಶ ಬರೆಯುತ್ತಿದ್ದೆವು. ಅದರ ಕನಸು, ನಕ್ಷೆ, ಮುಕ್ಕಾಲು ಪಾಲು ಬರವಣಿಗೆ ಎಲ್ಲ ಸರ್ ಅವರದೇ. ನಿಡಗುಂದಿಯಿಂದ ಬಸ್ಸಿಗೆ ಬಂದು ಮೆಟ್ಟಿಲು ಹತ್ತುತ್ತಲೇ ಕೇಳುತ್ತಿದ್ದರು, "ನಮ್ಮ ಕೂಸು ಹೆಂಗೈತ್ರಿ ಇವತ್ತು?"

ಆ ಕೂಸು ಮಲಗುತ್ತಿದ್ದದ್ದು ಮೂಲೆಯ ಕಂಪ್ಯೂಟರಿನ, ಮೂವರಿಗೂ ತಮ್ಮ ತಮ್ಮ ಜಾಗದಿಂದಲೇ ತೆರೆಯುತ್ತಿದ್ದ ಒಂದು ಶೇರ್ಡ್ ಡ್ರೈವಿನಲ್ಲಿ. ಯಾರು ಯಾವಾಗ ಏನು ತಿದ್ದಿದರು ಎಂದು ನೆನಪಿಡುವ ಭಂಡಾರವೂ ಅಲ್ಲೇ. ತಿದ್ದಿದ್ದನ್ನು ಅದಕ್ಕೆ ಒಪ್ಪಿಸುವುದಕ್ಕೆ ಕಮಿಟ್ ಎನ್ನುತ್ತಿದ್ದೆವು. ಅದೋ, ಮೇಲಿಂದ ಮೇಲೆ 'ಬೀಗ ಬಿದ್ದಿದೆ' ಎಂದು ಹಟ ಹಿಡಿಯುತ್ತಿತ್ತು. ಇಬ್ಬರು ಒಟ್ಟಿಗೇ ಒಪ್ಪಿಸಲು ಹೋಗುವುದರಿಂದಲೇ ಹೀಗಾಗುತ್ತದೆ ಎಂದು ತೀರ್ಮಾನಿಸಿದ ಸರ್ ತಮ್ಮ ಸುಣ್ಣದ ಡಬ್ಬಿಯನ್ನು ನಡುವೆ ಇಟ್ಟರು.

"ಇದು ಯಾರ ಕೈಯಾಗ ಇರ್ತೈತಿ, ಅವರಷ್ಟೇ ಕಮಿಟ್ ಮಾಡಬೇಕು ನೋಡ್ರಿ. ಉಳದವರು ಕೈ ಕಟಗೊಂಡು ಕುಂದರಬೇಕು."

ನಮಗೆ ನಗು. ತಂಬಾಕು ತಿಕ್ಕಬೇಕೆಂದರೆ ಪಾಪ ಅವರೇ ನಮ್ಮ ಮುಂದೆ ಕೈ ಒಡ್ಡಬೇಕಾಗುತ್ತಿತ್ತು. ಆದರೂ ತಂಟೆ ಕಡಿಮೆಯಾದದ್ದು ನಿಜ.

ಸುಗ್ಗಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಡಬ್ಬಿ ಸರ್ ಕೈಯಲ್ಲಿತ್ತು. ಅವರ ಕಮಿಟ್ ಅರ್ಧಕ್ಕೆ ನಿಂತಿತು. ಆಮೇಲೆ ಭಂಡಾರವೇ ತೆರೆಯಲಿಲ್ಲ. ನಮ್ಮ ನಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನು ಕೂಡಿಸಲು ಹೋದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಅಷ್ಟರಲ್ಲಿ ಸುಗ್ಗಿ ಶುರುವಾಗಿ, ವ್ಯಾಪಾರಿಗಳು ಬೇರೆ ಕಡೆಯಿಂದ ತಂತ್ರಾಂಶ ತರಿಸಿಕೊಂಡರು. ಸಾಹುಕಾರರು ಮೇಲೆ ಬಂದು ಕೇಳಿದ್ದು ಒಂದೇ ಮಾತು:

"ಡಬ್ಬಿ ಯಾರ ಕೈಯಾಗಿತ್ತು?"

"ನನ್ನ ಕೈಯಾಗ್ರಿ," ಎಂದರು ಸರ್.

ಅವರೇ ಮಾಡಿದ ಕಾಯಿದೆ ಅವರನ್ನೇ ಹಿಡಿಯಿತು. ನಮಗೂ ಆಗ ಬೇರೆ ಕಾರಣ ಹೊಳೆಯಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಮೆಟ್ಟಿಲಿಳಿದು ಹೋದವರು ಮತ್ತೆ ಬರಲಿಲ್ಲ. ಡಬ್ಬಿ ನನ್ನ ಬಳಿ ಉಳಿಯಿತು…

ವರ್ಷಗಳ ನಂತರ ನಾನು ಸಿಂದಗಿಯಲ್ಲಿ ಪಾಠ ಹೇಳುತ್ತಿದ್ದಾಗ ಅದೇ ಭಂಡಾರದ ವ್ಯವಸ್ಥೆಯ ಕೈಪಿಡಿ ಓದಬೇಕಾಗಿ ಬಂತು. ಅಂಥ ಭಂಡಾರವನ್ನು ಶೇರ್ಡ್ ಡ್ರೈವಿನಲ್ಲಿ ಇಡಲೇಬಾರದಂತೆ. ಅಲ್ಲಿ ಬೀಗ ನೆಟ್ಟಗೆ ಬೀಳುವುದಿಲ್ಲ, ಒಬ್ಬರೇ ಬರೆದರೂ ಕೆಡಬಹುದು. ಮೂಲೆಯ ಕಂಪ್ಯೂಟರಿನಲ್ಲೇ, ಭಂಡಾರಕ್ಕೆ ತಾನೊಂದೇ ಬರೆಯುವ ಒಂದು ಸರ್ವರ್ ಓಡಿಸಿ, ಎಲ್ಲರೂ ಅದರ ಮೂಲಕ ಹೋಗಿದ್ದರೆ ಮುಗಿಯುತ್ತಿತ್ತು. ಚಹಾ ಕುಡಿಯುವಷ್ಟರಲ್ಲಿ ಆಗುವ ಕೆಲಸ! ಮರುದಿನವೇ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ನಿಡಗುಂದಿಯ ಬಸ್ಸು ಹತ್ತಿದೆ.

ಅವರ ಫೋಟೋಕ್ಕೆ ಮಾಲೆ ಹಾಕಿತ್ತು.

"ಹ್ವಾದ ವರ್ಷ ತೀರಿಕೊಂಡ್ರು," ಎಂದರು ಅವರ ಹೆಂಡತಿ, ನೀರಿನ ತಂಬಿಗೆ ಮುಂದಿಟ್ಟು. "ಆ ಕೆಲಸ ಬಿಟ್ಟ ಮ್ಯಾಲ ಒಂದ್ ಮಷೀನ್ ಮುಟ್ಟಲಿಲ್ಲರಿ. ಮೊಬೈಲ್ ನಂಬರ ಸೈತ ನನ್ನ ಕಡೆನ ಒತ್ತಸ್ತಿದ್ರು. 'ನನ್ನ ಕೈ ಹತ್ತಿದ್ರ ಕೆಡ್ತೈತಿ' ಅಂತಿದ್ರು."

ನಾನು ಓದಿದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ಬೀಗ, ಭಂಡಾರ, ಸರ್ವರ್… ಅವರಿಗೆ ಎಷ್ಟು ತಿಳಿಯಿತೋ. ತಪ್ಪು ಸರ್ ಅವರದಲ್ಲ ಎಂಬುದು ಮಾತ್ರ ತಿಳಿಯಿತು. ಫೋಟೋದ ಕಡೆ ತಿರುಗಿ ಜೋರಾಗಿಯೇ ಅಂದರು:

"ಕೇಳಿದ್ರೇನ್ರಿ? ನಿಮ್ಮ ಕೈ ಕೆಡಸಿಲ್ಲಂತ."

ಡಬ್ಬಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನಿಮ್ಮ ಕೈಯಾಗ ಇರಲಿ ಬಿಡ್ರಿ," ಎಂದರು.

ಇವತ್ತು ಅದನ್ನು ಒರೆಸಿ ಮತ್ತೆ ಖಾನೆಯಲ್ಲಿಟ್ಟೆ. ಆ ಕೈಪಿಡಿ ಮುದ್ದೇಬಿಹಾಳದ ಮಾಳಿಗೆಯ ಕಂಪ್ಯೂಟರಿನಲ್ಲೂ ಇತ್ತು. ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತ ನಗುತ್ತಿದ್ದ ಮೂವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ.